ಈದ್ ಉಡುಪಿಗೆ ಯಾವ ಬಣ್ಣ?



ಈದ್ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಕೇಳಿಬರುವ ಮೊದಲ ಪ್ರಶ್ನೆ, "ಈ ಸಲ ಯಾವ ಕಲರ್ ನಡೀತಿದೆ?" ಒಂದು ವರ್ಷ ಪಿಸ್ತಾ ಹಸಿರು, ಮರುವರ್ಷ ಈರುಳ್ಳಿ ಬಣ್ಣ, ಅದರ ಮರುವರ್ಷ ಸಾಸಿವೆ ಹಳದಿ. ಕಳೆದ ಈದ್‌ಗೆ ಆಸೆಪಟ್ಟು ಹೊಲಿಸಿದ ಚೂಡಿದಾರ ಕಪಾಟಿನಲ್ಲಿ ಹೊಸದಾಗಿಯೇ ಇರುತ್ತದೆ. ಆದರೆ "ಅದು ಹಳೇ ಫ್ಯಾಷನ್" ಎಂದು ಮಗಳು ಮುಖ ತಿರುಗಿಸುತ್ತಾಳೆ.

ಈ ಫ್ಯಾಷನ್ ಹೇಗೆ ಬದಲಾಗುತ್ತದೆ ಎಂದು ಯೋಚಿಸಿದ್ದೀರಾ? ಪ್ಯಾಂಟೋನ್ ಎಂಬ ಅಮೆರಿಕದ ಕಂಪೆನಿಯೊಂದು 2000ದಿಂದ ಪ್ರತಿ ವರ್ಷಕ್ಕೆ ಒಂದು 'ವರ್ಷದ ಬಣ್ಣ'ವನ್ನು ಘೋಷಿಸುತ್ತಾ ಬಂದಿದೆ. 2023ಕ್ಕೆ ಕಡು ಗುಲಾಬಿ ಕೆಂಪು, 2024ಕ್ಕೆ ಪೀಚ್ ಹಣ್ಣಿನ ತಿಳಿಬಣ್ಣ, 2025ಕ್ಕೆ ಕಾಫಿಯಂಥ ಕಂದು. ಹೊಸ ಬಣ್ಣ ಬಂದಾಗ ಹಳೆಯ ಬಣ್ಣದ ಚಂದವೇನೂ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ನಮ್ಮ ತೃಪ್ತಿ ಮಾತ್ರ. ಇಳಕಲ್ ನೇಕಾರರ ದಾಳಿಂಬೆ ಕೆಂಪು, ಗಿಳಿ ಹಸಿರು ಯಾರ ಘೋಷಣೆಗೂ ಕಾಯದೆ ತಲೆತಲಾಂತರದಿಂದ ನಡೆದು ಬಂದಿವೆ.

ಒಮ್ಮೆ ಈದ್ ಕಳೆದು ಶಾಲೆ ತೆರೆದಾಗ ನನ್ನ ತರಗತಿಯ ಹುಡುಗಿಯೊಬ್ಬಳು ಸಪ್ಪೆ ಮುಖ ಹೊತ್ತು ಕುಳಿತಿದ್ದಳು. ಕೇಳಿದರೆ, "ಟೀಚರ್, ಕಪ್ಪಗಿರೋರಿಗೆ ಬದನೆ ಬಣ್ಣ ಒಪ್ಪಲ್ಲ ಅಂತ ಎಲ್ಲರ ಮುಂದೆ ಖಾಲಾ ಹೇಳಿಬಿಟ್ರು" ಎಂದಳು. ಅವಳೇ ಇಷ್ಟಪಟ್ಟು ಆರಿಸಿದ್ದ ಬಟ್ಟೆ. ಮಧ್ಯಾಹ್ನವೇ ಬಿಚ್ಚಿಟ್ಟಳಂತೆ. ಸಹೋದರಿಯರೇ, ಖಾಲಾಳ ಬಾಯಿಂದ ಬಂದದ್ದು ಒಂದೇ ಮಾತು. ಆ ಮಗುವಿನ ಈದ್ ಅಲ್ಲಿಗೇ ಮುಗಿದುಹೋಯಿತು.

ಅಂದು ನಾನು ಅವಳಿಗೆ ಉಮ್ಮು ಖಾಲಿದ್(ರ)ರ ಕಥೆ ಹೇಳಿದೆ. ಸಹೀಹ್ ಬುಖಾರಿಯಲ್ಲಿರುವ ಘಟನೆಯಿದು. ಪ್ರವಾದಿವರ್ಯರ(ಸ) ಬಳಿಗೆ ಕೆಲವು ಉಡುಪುಗಳು ಬಂದವು. ಅವುಗಳಲ್ಲಿ ಹಸಿರು ಅಥವಾ ಹಳದಿ ಚಿತ್ತಾರವಿದ್ದ ಪುಟ್ಟದೊಂದು ಕಪ್ಪು ಉಡುಪೂ ಇತ್ತು. ಇದನ್ನು ಯಾರಿಗೆ ಕೊಡೋಣವೆಂದು ಕೇಳಿದಾಗ ಸಹಾಬಿಗಳು ಸುಮ್ಮನಿದ್ದರು. ಪ್ರವಾದಿವರ್ಯರು(ಸ) ಪುಟ್ಟ ಬಾಲಕಿ ಉಮ್ಮು ಖಾಲಿದ್‌ರನ್ನು ಕರೆಸಿ, ತಮ್ಮ ಕೈಯಾರೆ ಅದನ್ನು ತೊಡಿಸಿದರು. ಅಬಿಸೀನಿಯಾದಲ್ಲಿ ಹುಟ್ಟಿದ್ದ ಆ ಮಗುವಿಗೆ ಅಲ್ಲಿನ ಭಾಷೆಯಲ್ಲೇ 'ಸನಾ' ಎಂದರು. ಅಂದರೆ ಚೆಂದವಾಗಿದೆ ಎಂದು. ಜೊತೆಗೆ, ಆ ಬಟ್ಟೆ ಸವೆದು ಹಳತಾಗುವವರೆಗೂ ತೊಡುವಂತಾಗಲಿ ಎಂದು ಹರಸಿದರು.

ಈ ಘಟನೆಯಲ್ಲಿ ನಮಗೆ ಎರಡು ಪಾಠಗಳಿವೆ. ಹೊಸ ಬಟ್ಟೆ ತೊಟ್ಟ ಮಗುವಿನ ಮನಸ್ಸನ್ನು ಅರಳಿಸಬೇಕು. ಬಟ್ಟೆಯನ್ನು ಒಂದು ದಿನದ ಪ್ರದರ್ಶನಕ್ಕಲ್ಲ, ಸವೆಯುವವರೆಗೆ ತೊಡಲು ಕೊಳ್ಳಬೇಕು.

ಬಣ್ಣದ ವಿಷಯದಲ್ಲಿ ಇಸ್ಲಾಮ್ ಸ್ತ್ರೀಯರಿಗೆ ವಿಶಾಲ ಅವಕಾಶ ನೀಡಿದೆ. ಉಡುಪು ಮೈ ಮುಚ್ಚುವಂತಿರಬೇಕು, ಪಾರದರ್ಶಕವಾಗಿರಬಾರದು ಅಷ್ಟೆ. ಪುರುಷರಿಗೆ ಬಿಳಿ ಬಟ್ಟೆಯನ್ನು ಪ್ರವಾದಿವರ್ಯರು(ಸ) ವಿಶೇಷವಾಗಿ ಪ್ರೋತ್ಸಾಹಿಸಿದ್ದಾರೆ. ನಮ್ಮ ವಿಜಯಪುರ, ಕಲಬುರಗಿ ಕಡೆ ಎಣ್ಣೆಗಾಗಿ ಬೆಳೆಯುವ ಕುಸುಬೆಯ ಹೂವಿನ ಬಣ್ಣದಲ್ಲಿ ಅದ್ದಿದ ಬಟ್ಟೆಯನ್ನು ಪುರುಷರು ತೊಡದಂತೆ ತಡೆದುದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅಪ್ಪಟ ರೇಷ್ಮೆಯೂ ಅವರಿಗೆ ನಿಷಿದ್ಧ. ಅಕ್ಕ, ತಮ್ಮಂದಿರಿಗೆ ಒಂದೇ ಬಗೆಯ ರೇಷ್ಮೆ ಹೊಲಿಸಲು ಹೊರಡುವ ತಾಯಂದಿರು ಇದನ್ನು ನೆನಪಿಡಬೇಕು.

ಇನ್ನು ಅಂಗಡಿಯಲ್ಲಿ ಮಾಡಬೇಕಾದ ಕೆಲಸ. ದೀಪದ ಬೆಳಕಿನಲ್ಲಿ ಕಂಡ ಬಣ್ಣ ಮನೆಗೆ ಬಂದಾಗ ಬೇರೆಯಾಗಿ ಕಾಣುವುದುಂಟು. ಆದ್ದರಿಂದ ಬಟ್ಟೆಯನ್ನು ಬಾಗಿಲ ಬಳಿ ತಂದು ಹಗಲ ಬೆಳಕಿನಲ್ಲಿ ನೋಡಿ. ತೊಡುವವಳ ಮುಖದ ಬಳಿ ಹಿಡಿದು, ಅವಳನ್ನೇ ಕೇಳಿ. ಪಿಸ್ತಾ, ಪೀಚ್, ಬಿಳಿಯಂಥ ತಿಳಿ ಬಣ್ಣಗಳು ಬಿಸಿಲಿಗೆ ತೆಳುವಾಗಿ ಕಾಣುತ್ತವೆ. ಲೈನಿಂಗ್ ಬಟ್ಟೆಯ ಖರ್ಚನ್ನೂ ಲೆಕ್ಕ ಹಾಕಿ. ಕಡು ಕೆಂಪು, ಕಡು ನೀಲಿಯಾದರೆ ಒದ್ದೆ ಮಾಡಿದ ಬಿಳಿ ಕರ್ಚೀಫನ್ನು ಬಟ್ಟೆಯ ಅಂಚಿಗೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಒಗೆಯುವಾಗಲೂ ಬಿಡುತ್ತದೆ. ಅಂಥದ್ದನ್ನು ಕೊಂಡರೆ ಬೇರೆಯಾಗಿಯೇ ಒಗೆದು, ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿ. ಮನೆಯಲ್ಲಿರುವ ದುಪಟ್ಟಾ, ಸಲ್ವಾರ್‌ಗೆ ಹೊಂದುವ ಬಣ್ಣ ಆರಿಸಿದರೆ ಒಂದು ಕಮೀಜ್‌ನಲ್ಲೇ ಹೊಸ ಜೋಡಿಯಾಗುತ್ತದೆ. ಸಾಧ್ಯವಾದಷ್ಟು ರಮಝಾನ್‌ಗೆ ಮೊದಲೇ ಖರೀದಿ ಮುಗಿಸಿ. ಕೊನೆಯ ಹತ್ತರ ಅಮೂಲ್ಯ ರಾತ್ರಿಗಳು ಬಟ್ಟೆ ಅಂಗಡಿಯ ನೂಕುನುಗ್ಗಲಲ್ಲಿ ಕಳೆದುಹೋಗದಿರಲಿ.

ಪವಿತ್ರ ಕುರ್‌ಆನಿನ ಅಲ್ ಅಅ್‌ರಾಫ್ ಅಧ್ಯಾಯದ 31ನೇ ಸೂಕ್ತದಲ್ಲಿ ಆರಾಧನೆಯ ವೇಳೆ ಅಲಂಕರಿಸಿಕೊಳ್ಳಬೇಕೆಂಬ ಆಜ್ಞೆಯಿದೆ. ದುಂದುವೆಚ್ಚ ಮಾಡುವವರನ್ನು ಅಲ್ಲಾಹನು ಮೆಚ್ಚುವುದಿಲ್ಲವೆಂಬ ಎಚ್ಚರಿಕೆಯೂ ಅದೇ ಸೂಕ್ತದಲ್ಲಿದೆ. ಸಾಲ ಮಾಡಿ ತಂದ ಬಟ್ಟೆಯ ಬಣ್ಣ ಎಷ್ಟೇ ಚೆಂದವಿದ್ದರೂ ಗಂಡನ ಮುಖದ ಚಿಂತೆಯನ್ನು ಮುಚ್ಚದು.

ಆ ಹುಡುಗಿ ಶಾಲೆಯ ವಾರ್ಷಿಕೋತ್ಸವದ ದಿನ ಬದನೆ ಬಣ್ಣದ ಅದೇ ಚೂಡಿದಾರ ತೊಟ್ಟು ಬಂದಳು. ದುಪಟ್ಟಾ ಮಾತ್ರ ಅವಳ ಅಮ್ಮಿಯದ್ದು. ನಾನು 'ಸನಾ' ಎಂದೆ. ಅವಳು ನಕ್ಕಳು.

ಈ ಈದ್‌ಗೆ ನಿಮ್ಮ ಮನೆಗೆ ಬರುವ ಪ್ರತಿ ಹೆಣ್ಣುಮಗುವಿಗೂ ಈ ಒಂದು ಮಾತು ಹೇಳುವಿರಲ್ಲವೇ? ನಾವು ತೊಡುವ ಬಟ್ಟೆ ಸವೆಯುವವರೆಗೂ ತೊಡುವ ಆಯುರಾರೋಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.