ಆ ರೀಲ್ ಡಿಲೀಟ್ ಮಾಡಿದ್ದೇಕೆ?

ನನ್ನ ಇನ್‌ಸ್ಟಾಗ್ರಾಂನಲ್ಲಿ ಇದುವರೆಗೆ ಅತಿ ಹೆಚ್ಚು ಜನ ನೋಡಿದ್ದು 27 ಸೆಕೆಂಡಿನ ಒಂದು ರೀಲ್. ಕಾಶಿಯಲ್ಲಿ ಸಂಜೆ ದೋಣಿಯಲ್ಲಿ ಕೂತು ತೆಗೆದದ್ದು. ಮೊದಲಿಗೆ ಕಿತ್ತಳೆ ಬಣ್ಣಕ್ಕೆ ತಿರುಗಿದ ಗಂಗೆ, ಆಮೇಲೆ ದೋಣಿಯ ಸುತ್ತ ಹಾರುವ ಬಿಳಿ ಹಕ್ಕಿಗಳು, ಕೊನೆಯ ಎಂಟು ಸೆಕೆಂಡು ಮಣಿಕರ್ಣಿಕಾ ಘಾಟಿನಲ್ಲಿ ಉರಿಯುವ ಚಿತೆಗಳು. ಹಿನ್ನೆಲೆಗೆ ಆಗ ಟ್ರೆಂಡ್ ಆಗಿದ್ದ ಒಂದು ಶಿವನ ಹಾಡು. ನನ್ನ ಉಳಿದ ರೀಲ್‌ಗಳನ್ನು ನೋಡುವುದು ಹಾಸ್ಟೆಲಿನ ಇನ್ನೂರು ಜನ. ಇದನ್ನು ನೋಡಿದವರ ಸಂಖ್ಯೆ ಮೂರೇ ದಿನದಲ್ಲಿ ನಲವತ್ತು ಸಾವಿರ ದಾಟಿತ್ತು. ನಾಲ್ಕನೆಯ ದಿನ ಡಿಲೀಟ್ ಮಾಡಿದೆ. 'ತಲೆ ಕೆಟ್ಟಿದೆಯಾ' ಎಂದು ಕೇಳದ ಗೆಳೆಯರಿಲ್ಲ.

ನಾವು ನಾಲ್ವರು ಕಾಶಿಗೆ ಹೋಗಿದ್ದು ಪುಣ್ಯ ಸಂಪಾದನೆಗಲ್ಲ, ಐಐಟಿ ಬಿಎಚ್‌ಯುನ ಟೆಕ್ನೆಕ್ಸ್‌ಗೆ. ಮೆಕ್ಯಾನಿಕಲ್ ಮೂರನೇ ವರ್ಷದವರು ಹೊತ್ತೊಯ್ದಿದ್ದ ರೋಬೊ ಮೊದಲ ಸುತ್ತಿನಲ್ಲೇ ಗೋಡೆಗೆ ಗುದ್ದಿಕೊಂಡು ಮಲಗಿತು. ಬೆಂಗಳೂರಿನಿಂದ ಸಂಘಮಿತ್ರಾ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದು ಬಂದಿದ್ದೇವೆ, ವಾಪಸ್ ಟಿಕೆಟ್‌ಗೆ ಇನ್ನೂ ಎರಡು ದಿನವಿದೆ. ದೋಣಿ ಹತ್ತದೆ ಇನ್ನೇನು ಮಾಡುವುದು?

ಕಾಶಿಯ ಬೀದಿ ಬೀದಿಯಲ್ಲಿ 'ಸನ್‌ಸೆಟ್ ಬೋಟ್ ರೈಡ್' ಎಂಬ ಬೋರ್ಡ್‌ಗಳಿವೆ. ಒಂದು ತಮಾಷೆ ನೋಡಿ. ಗಂಗೆ ಕಾಶಿಯಲ್ಲಿ ಉತ್ತರಕ್ಕೆ ಹರಿಯುತ್ತಾಳೆ, ಊರೆಲ್ಲ ಪಶ್ಚಿಮದ ದಂಡೆಯಲ್ಲಿದೆ, ಘಾಟುಗಳೆಲ್ಲ ಪೂರ್ವಕ್ಕೆ ಮುಖ ಮಾಡಿವೆ. ಎದುರು ದಂಡೆಯಲ್ಲಿ ಬರೀ ಮರಳು. ಸೂರ್ಯ ಹುಟ್ಟುವುದು ಆ ಮರಳಿನ ಆಚೆ, ಮುಳುಗುವುದು ಊರಿನ ಬೆನ್ನ ಹಿಂದೆ. ನೀರಿಗೆ ಇಳಿಯುವ ಸೂರ್ಯ ಬೇಕಿದ್ದವರು ಮಲ್ಪೆಗೆ ಹೋಗಬೇಕು. ಇಲ್ಲಿ ಕಾಣುವುದು ಬೇರೆಯೇ. ನದಿಯ ನಡುವೆ ನಿಂತರೆ ಅರಮನೆ, ಮಠ, ಗೋಪುರ, ಛತ್ರಿಗಳೆಲ್ಲ ಕಪ್ಪು ಕಾಗದದಲ್ಲಿ ಕತ್ತರಿಸಿದಂತೆ ಆಗುತ್ತವೆ, ಹಿಂದಿನ ಆಕಾಶ ಮಾತ್ರ ಉರಿಯುತ್ತಿರುತ್ತದೆ. ಅದು ಮಲ್ಪೆಯ ಸೂರ್ಯಾಸ್ತಕ್ಕೆ ಏನೂ ಕಡಿಮೆಯಿಲ್ಲ. ಆದರೆ ಅದಕ್ಕೆ ನದಿಯ ನಡುವಿಗೇ ಹೋಗಬೇಕು.

ಹೋಗಲು ಮೂರು ದಾರಿಗಳಿವೆ. ಎರಡಂತಸ್ತಿನ ಕ್ರೂಸ್: ಎಸಿ, ಕುರ್ಚಿ, ಮೈಕಿನಲ್ಲಿ ವಿವರಣೆ, ಆನ್‌ಲೈನ್ ಬುಕಿಂಗ್. ಮೋಟಾರ್ ದೋಣಿ: ಮೂವತ್ತು ನಲವತ್ತು ಜನರ ನಡುವೆ ಒಂದು ಸೀಟು. ಮೂರನೆಯದು ಹುಟ್ಟು ಹಾಕುವ ದೋಣಿ. ಮೋಟಾರ್ ದೋಣಿಗಳಲ್ಲಿ ಹಲವನ್ನು ಈಗ ಡೀಸೆಲ್‌ನಿಂದ ಸಿಎನ್‌ಜಿಗೆ ಬದಲಿಸಿದ್ದಾರೆ. ನಮೋ ಘಾಟಿನಲ್ಲಿ ನೀರಿನ ಮೇಲೆ ತೇಲುವ ಸಿಎನ್‌ಜಿ ಬಂಕ್ ಕೂಡ ಇದೆ. ನಾನು ಮೆಕ್ಯಾನಿಕಲ್‌ನವನು, ಅದನ್ನು ನೋಡಿ ನಿಜಕ್ಕೂ ಖುಷಿಪಟ್ಟೆ. ಹೊಗೆ ಹೋಗಿದೆ. ಸದ್ದು ಮಾತ್ರ ಪೂರ್ತಿ ಹೋಗಿಲ್ಲ.

ನಾವು ಹುಟ್ಟಿನ ದೋಣಿ ಹಿಡಿದದ್ದು ಪ್ರೀತಿಯಿಂದಲ್ಲ, ಅಸ್ಸಿ ಘಾಟಿನಲ್ಲಿ ಅದೊಂದೇ ಚೌಕಾಶಿಗೆ ಬಗ್ಗಿತು ಎಂಬ ಕಾರಣಕ್ಕೆ. ಅರವತ್ತರ ಆಸುಪಾಸಿನ ಅಂಬಿಗ ಸಾವಿರದ ಇನ್ನೂರು ಎಂದರು. ನಾವು 'ಚಾಚಾ, ಸ್ಟೂಡೆಂಟ್ಸ್' ಎಂದೆವು. ಏಳುನೂರಕ್ಕೆ ಇಳಿಸಿದೆವು. ಆ ಮಧ್ಯಾಹ್ನ ಪಿಜ್ಜಾಕ್ಕೆ ಸಾವಿರದ ನೂರು ಕೊಟ್ಟಿದ್ದೆವು, ಅಲ್ಲಿ ಯಾರೂ ಸ್ಟೂಡೆಂಟ್ಸ್ ಎಂದಿರಲಿಲ್ಲ.

ಅಸ್ಸಿಯಿಂದ ಮಣಿಕರ್ಣಿಕೆಗೆ ಹೋಗುವುದು ಹರಿವಿನ ಜೊತೆಗೆ. ದೋಣಿ ತಾನಾಗಿಯೇ ಸಾಗುತ್ತದೆ, ಚಾಚಾ ಆಗಾಗ ದಿಕ್ಕು ಸರಿಪಡಿಸಿದರೆ ಸಾಕು. ನೀರಿಗೆ ಹುಟ್ಟು ಬೀಳುವ ಸದ್ದು ಬಿಟ್ಟರೆ ಬೇರೇನಿಲ್ಲ. ದಡದಲ್ಲಿ ಬಟ್ಟೆ ಒಗೆಯುವ ಸದ್ದು, ಯಾರದೋ ರಿಯಾಜ್, ಎಮ್ಮೆ ಮೀಯಿಸುವವನ ಬೈಗುಳ ಎಲ್ಲವೂ ನೀರಿನ ಮೇಲೆ ತೇಲಿ ಬರುತ್ತದೆ. ಕ್ರೂಸೊಂದು ಪಕ್ಕದಲ್ಲಿ ಹಾದುಹೋದಾಗಷ್ಟೇ ನಮಗೆ ಇದು ಅರಿವಾಯಿತು. ಅಲ್ಲಿ ಮೈಕ್ ಹೇಳುತ್ತಿತ್ತು, ಜನ ಕೇಳುತ್ತಿದ್ದರು. ಅದರ ಅಲೆಗೆ ನಮ್ಮ ದೋಣಿ ತೊಟ್ಟಿಲಿನಂತೆ ತೂಗಿತು. ಚಾಚಾ ಅದರ ಕಡೆ ನೋಡಲೇ ಇಲ್ಲ. ಕೇಳಿದ್ದಕ್ಕೆ, ಬಾಡಿಗೆ ಅರ್ಧಕ್ಕರ್ಧ ಕಡಿಮೆಯಾಗಿದೆ ಎಂದಷ್ಟೇ ಹೇಳಿದರು. ದೋಣಿಯೂ ಅವರದಲ್ಲವಂತೆ, ದಿನದ ಗಳಿಕೆಯಲ್ಲಿ ಅರ್ಧ ಮಾಲೀಕನಿಗೆ. ಮಳೆಗಾಲದಲ್ಲಿ ನೀರು ಏರಿದರೆ ದೋಣಿ ನಿಷೇಧ, ಆಗ ಆ ಅರ್ಧವೂ ಇಲ್ಲ.

2023ರ ಜನವರಿಯಲ್ಲಿ ಇದೇ ಕಾಶಿಯಿಂದ 'ಗಂಗಾ ವಿಲಾಸ್' ಹೊರಟಾಗ ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾನೇ ಅದರ ಸುದ್ದಿ ಹಾಕಿದ್ದೆ. 51 ದಿನ, 3,200 ಕಿಲೋಮೀಟರ್, ಬಾಂಗ್ಲಾದೇಶ ಹಾದು ಅಸ್ಸಾಮಿನ ದಿಬ್ರುಗಢಕ್ಕೆ. ಹೆಮ್ಮೆಪಡುವಂಥದ್ದೇ. ಆ ಹಡಗಿನಿಂದ ಚಾಚಾಗೆ ನಷ್ಟವೇನೂ ಆಗಿರಲಾರದು, ಅದರಲ್ಲಿ ಹೋಗುವವರು ಅವರ ಗಿರಾಕಿಗಳಲ್ಲ. ಅವರ ಗಿರಾಕಿಗಳು ನಮ್ಮಂಥವರು. ನಾವು ಮೊಬೈಲ್‌ನಲ್ಲಿ ಬುಕ್ ಮಾಡುವ ಸಣ್ಣ ಕ್ರೂಸ್‌ಗಳೇ ಅವರ ಅನ್ನಕ್ಕೆ ಕೈ ಹಾಕಿರುವುದು.

ಹನುಮಾನ್ ಘಾಟ್ ದಾಟುತ್ತಿದ್ದಂತೆ ಗೋಡೆಯ ಮೇಲೆ ದೇವನಾಗರಿಯಲ್ಲಿ 'ಕರ್ನಾಟಕ' ಎಂಬ ಅಕ್ಷರ ಕಂಡಿತು. ಹಿಂದೆ ಮೈಸೂರು ಸಂಸ್ಥಾನದ್ದಾಗಿದ್ದ ಘಾಟ್ ಅದು. ನಾಲ್ವರೂ ಎದ್ದು ಕೂಗಿದೆವು, ದೋಣಿ ವಾಲಿತು, ಚಾಚಾ ಗದರಿದರು. ಕೂಗು ಮುಗಿಯುವ ಮೊದಲೇ ಹೊಗೆಯ ವಾಸನೆ ಬಂತು. ಕರ್ನಾಟಕ ಘಾಟಿಗೆ ಅಂಟಿಕೊಂಡಿರುವುದೇ ಹರಿಶ್ಚಂದ್ರ ಘಾಟ್.

ಕನ್ನಡದವರಿಗೆ ಆ ಹೆಸರನ್ನು ಪರಿಚಯಿಸಬೇಕಿಲ್ಲ. ರಾಘವಾಂಕನ ಕಾವ್ಯ ಓದಿರದವರೂ 1965ರ 'ಸತ್ಯ ಹರಿಶ್ಚಂದ್ರ' ನೋಡಿರುತ್ತೇವೆ. ನಮ್ಮಜ್ಜಿ ಪ್ರತಿ ಸಲ ಟಿವಿಯಲ್ಲಿ ಬಂದಾಗಲೂ ಅದೇ ಜಾಗದಲ್ಲಿ ಅಳುತ್ತಿದ್ದರು: ಮಗನ ಹೆಣ ಹೊತ್ತು ಬಂದ ಹೆಂಡತಿಯ ಹತ್ತಿರ ಹರಿಶ್ಚಂದ್ರ ಸುಡುಗಾಡಿನ ಸುಂಕ ಕೇಳುವಾಗ. ಆ ಕಥೆ ನಡೆದದ್ದು ಎನ್ನುವ ಜಾಗ ಇದು. ನಾವು ಕೂಗು ನಿಲ್ಲಿಸಿ ಕೂತೆವು. ಅಲ್ಲಿ ನಾನು ಮೊಬೈಲ್ ತೆಗೆಯಲಿಲ್ಲ. ಏಕೆ ಎಂದರೆ ಅಜ್ಜಿಯ ನೆನಪು ಎನ್ನಬಹುದಿತ್ತು. ನಿಜ ಹೇಳಬೇಕೆಂದರೆ ಬೆಳಕು ಇನ್ನೂ ಹೆಚ್ಚಿತ್ತು, ಬೆಂಕಿ ಚೆನ್ನಾಗಿ ಕಾಣುತ್ತಿರಲಿಲ್ಲ.

ಮಣಿಕರ್ಣಿಕೆ ತಲುಪುವಾಗ ಬೆಳಕು ಸರಿಯಾಗಿತ್ತು. ಫೆಬ್ರುವರಿ ಕೊನೆಯ ವಾರ, ಆರರ ಸುಮಾರಿಗೆ ಸೂರ್ಯ ಮನೆಗಳ ಹಿಂದೆ ಇಳಿದ. ಮೆಟ್ಟಿಲಿನ ಮೇಲೆಲ್ಲ ಒಟ್ಟಿದ ಸೌದೆ, ಅದನ್ನು ತೂಗುವ ತಕ್ಕಡಿ, ಹೊಗೆ ಹಿಡಿದು ಕಪ್ಪಾದ ಗೋಡೆಗಳು. ಚಿತೆಗಳನ್ನು ನೋಡಿಕೊಳ್ಳುವುದು ಡೋಮ್ ಸಮುದಾಯದವರು. ಇಲ್ಲಿನ ಬೆಂಕಿ ಎಂದೂ ಆರಿಲ್ಲ ಎಂಬ ನಂಬಿಕೆಯಿದೆ. ಸ್ವಲ್ಪ ಮುಂದೆ ಸಿಂಧಿಯಾ ಘಾಟಿನ ಬಳಿ ವಾಲಿ ನಿಂತಿರುವ ರತ್ನೇಶ್ವರ ದೇವಾಲಯ. ಪೀಸಾದ ಗೋಪುರಕ್ಕಿಂತ ಹೆಚ್ಚು ವಾಲಿದೆ, ಆದರೂ ಪೀಸಾ ನಮ್ಮ ಪಠ್ಯದಲ್ಲಿದೆ, ಇದು ಇಲ್ಲ. ಅಲ್ಲಿಂದ ದೋಣಿ ತಿರುಗಿತು.

ಹಿಂತಿರುಗುವುದು ಹರಿವಿಗೆ ಎದುರಾಗಿ. ಚಾಚಾ ನದಿಯ ನಡುವನ್ನು ಬಿಟ್ಟು ದಡಕ್ಕೆ ಅಂಟಿಕೊಂಡು ಹುಟ್ಟು ಹಾಕತೊಡಗಿದರು. ಕಾರಣ ಕೇಳಿದೆ. ದಡದಲ್ಲಿ ನೀರು ಸೋಮಾರಿ ಎಂದರು. ಬೌಂಡರಿ ಲೇಯರ್ ಬಗ್ಗೆ ನಾಲ್ಕನೇ ಸೆಮಿಸ್ಟರ್‌ನಲ್ಲಿ ಹತ್ತು ಅಂಕದ ಪ್ರಶ್ನೆಗೆ ಎರಡು ಪುಟ ಬರೆದಿದ್ದೆ. ಮೂರು ಶಬ್ದಗಳಲ್ಲಿ ಅದು ಮುಗಿಯುತ್ತದೆ ಎಂದು ಗೊತ್ತಿರಲಿಲ್ಲ.

ದಡಕ್ಕೆ ಅಂಟಿಕೊಂಡು ಬಂದದ್ದರಿಂದಲೇ ಮಣಿಕರ್ಣಿಕೆ ಅಷ್ಟು ಹತ್ತಿರ ಸಿಕ್ಕಿತು. ನಮ್ಮ ಸುತ್ತ ಆಗ ಎಂಟೋ ಹತ್ತೋ ದೋಣಿಗಳು. ಎಲ್ಲದರಲ್ಲೂ ಮೊಬೈಲ್‌ಗಳು ಮೇಲೆದ್ದಿದ್ದವು. ನನ್ನದೂ. ಒಂದು ಮೋಟಾರ್ ದೋಣಿಯ ಗೈಡ್ 'ಹದಿನೈದು ನಿಮಿಷ ಫೋಟೊ ಪಾಯಿಂಟ್' ಎಂದು ಕೂಗುತ್ತಿದ್ದ. ಎಂಟು ಸೆಕೆಂಡು ತೆಗೆದೆ, ಜೂಮ್ ಕೂಡ ಮಾಡಿದೆ. ಚಾಚಾ ಏನೂ ಹೇಳಲಿಲ್ಲ, ನೀರು ನೋಡುತ್ತಾ ಹುಟ್ಟು ಹಾಕುತ್ತಿದ್ದರು.

ಆಮೇಲೆ ದಶಾಶ್ವಮೇಧದ ಆರತಿ. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ. ದೋಣಿಗೆ ದೋಣಿ ತಾಗಿ ನದಿಯೇ ನೆಲವಾಗಿತ್ತು, ಚಹಾ ಮಾರುವ ಹುಡುಗ ಒಂದರಿಂದ ಒಂದಕ್ಕೆ ನಡೆದುಕೊಂಡೇ ಬಂದ ಎಂಬುದಷ್ಟೇ ನನಗೆ ಉಳಿದಿದೆ.

ಊರಿಗೆ ಬಂದ ಮೇಲೆ ಅಮ್ಮ ನನ್ನ ಮೊಬೈಲ್‌ನಲ್ಲಿ ರೀಲ್ ನೋಡಿದರು. ಎರಡು ಸಲ ನೋಡಿ, ಬೆರಳಿಟ್ಟು ನಿಲ್ಲಿಸಿದರು.

'ಯಾರೋ ಇವ್ನು?'

'ಯಾರು?'

'ಈ ಹುಡುಗ ಕಣೋ. ತಲೆ ಬೋಳಿಸ್ಕೊಂಡು ಬಿಳಿ ಬಟ್ಟೇಲಿ ನಿಂತಿದಾನಲ್ಲ. ನಿನ್ನ ವಯಸ್ಸೇ ಇರ್ಬೇಕು.'

ಚಿತೆಯ ಪಕ್ಕದ ಮೆಟ್ಟಿಲಿನಲ್ಲಿ ಒಬ್ಬ ನಿಂತಿದ್ದ. ತೆಗೆಯುವಾಗ ನನಗೆ ಕಂಡಿರಲಿಲ್ಲ. ಎಡಿಟ್ ಮಾಡುವಾಗಲೂ ಕಂಡಿರಲಿಲ್ಲ, ನಾನು ಬೆಂಕಿಯ ಬಣ್ಣ ಸರಿಮಾಡುತ್ತಿದ್ದೆ. ಕೊನೆಯ ಎರಡು ಸೆಕೆಂಡಿನಲ್ಲಿ ಅವನು ನೇರವಾಗಿ ಕ್ಯಾಮೆರಾ ನೋಡುತ್ತಾನೆ. ಸಿಟ್ಟಿನಿಂದಲ್ಲ. ಬಸ್‌ಸ್ಟಾಪಿನಲ್ಲಿ ನಿಂತವರು ಹಾದುಹೋಗುವ ವಾಹನ ನೋಡುವಂತೆ. ಆ ಸಂಜೆ ಅವನ ಎದುರು ಎಷ್ಟು ಮೊಬೈಲ್‌ಗಳು ಹಾದುಹೋಗಿದ್ದವೋ.

ನನ್ನ ಗೆಳೆಯನೊಬ್ಬ ಇದನ್ನು ಒಪ್ಪುವುದಿಲ್ಲ. ಅವನ ವಾದ ಸುಲಭಕ್ಕೆ ತಳ್ಳಿಹಾಕುವಂಥದ್ದೂ ಅಲ್ಲ. ಕಾಶಿ ಸಾವನ್ನು ಮುಚ್ಚಿಡುವ ಊರಲ್ಲ, ಹೆಣ ಬೀದಿಯಲ್ಲೇ ಬರುತ್ತದೆ, ಚಿತೆ ಬಯಲಲ್ಲೇ ಉರಿಯುತ್ತದೆ, ಡಾಕ್ಯುಮೆಂಟರಿ ಮಾಡುವವರು ಬಂದು ಪ್ರಶಸ್ತಿ ತೆಗೆದುಕೊಂಡು ಹೋಗುತ್ತಾರೆ, ನಿನ್ನ ಎಂಟು ಸೆಕೆಂಡಿಗೆ ಇಷ್ಟು ಗೋಳೇಕೆ ಎನ್ನುತ್ತಾನೆ. ಅವನು ಇನ್ನೊಂದು ಮಾತೂ ಹೇಳಿದ: ನಿಮ್ಮಜ್ಜನ ಮಣ್ಣಿಗೆ ಬಂದಾಗ ನೀನೇ ಮೊಬೈಲ್ ಹಿಡಿದು ನಿಂತಿದ್ದೆಯಲ್ಲ?

ಹೌದು, ನಿಂತಿದ್ದೆ. ಚಿಕ್ಕಪ್ಪ ಮಸ್ಕತ್‌ನಲ್ಲಿದ್ದರು, ಟಿಕೆಟ್ ಸಿಗಲಿಲ್ಲ. ವಿಡಿಯೊ ಕಾಲ್‌ನಲ್ಲಿ ಅವರು ಅಜ್ಜನ ಮುಖ ನೋಡಿದರು, ಅಪ್ಪ ಬೆಂಕಿ ಇಡುವುದನ್ನು ನೋಡಿದರು. ಆ ಅರ್ಧ ಗಂಟೆ ನನ್ನ ಕೈ ನಡುಗದಂತೆ ಹಿಡಿದದ್ದಕ್ಕೆ ಈಗಲೂ ಚಿಕ್ಕಪ್ಪ ನೆನೆಯುತ್ತಾರೆ. ಹಾಗಾಗಿ ಸುಡುಗಾಡಿನಲ್ಲಿ ಮೊಬೈಲ್ ತೆಗೆಯುವುದೇ ಪಾಪ ಎಂದು ನಾನು ಹೇಳುತ್ತಿಲ್ಲ. ಅವತ್ತು ಆಚೆ ತುದಿಯಲ್ಲಿ ಇದ್ದದ್ದು ಮಗ. ನನ್ನ ರೀಲ್‌ನ ಆಚೆ ತುದಿಯಲ್ಲಿ ಇದ್ದವರು ನಲವತ್ತು ಸಾವಿರ ಅಪರಿಚಿತರು, ಅವರಲ್ಲಿ ಅರ್ಧದಷ್ಟು ಮಂದಿ ಊಟ ಮಾಡುತ್ತಲೋ ಬಾತ್‌ರೂಮಿನಲ್ಲೋ ನೋಡಿರುತ್ತಾರೆ. ಅಜ್ಜನ ಚಿತೆಯ ಎದುರು ಹತ್ತು ದೋಣಿ ಬಂದು ನಿಂತು, ಒಬ್ಬ ಅದಕ್ಕೆ ಹಾಡು ಹಾಕಿದ್ದರೆ ನಾನು ಕಲ್ಲು ತೆಗೆದುಕೊಳ್ಳುತ್ತಿದ್ದೆ. ಬಯಲಲ್ಲಿ ಸುಡುವವರು ಬಯಲಲ್ಲಿ ಸುಡುತ್ತಿರುವುದು ಅವರ ನಂಬಿಕೆಗೆ. ಅದು ನಮಗೆ ಕೊಟ್ಟ ಅನುಮತಿ ಎಂದು ಓದಿಕೊಂಡದ್ದು ನಾವು. ಡಾಕ್ಯುಮೆಂಟರಿಯವರು ಕೇಳಿ ತೆಗೆದಿದ್ದರೆ ಅದು ಬೇರೆ, ಕೇಳದೆ ತೆಗೆದಿದ್ದರೆ ಪ್ರಶಸ್ತಿ ಬಂದ ಮಾತ್ರಕ್ಕೆ ಬೇರೆಯಾಗುವುದಿಲ್ಲ.

ಚಿತೆಗಳ ಫೋಟೊ ತೆಗೆಯಬಾರದು ಎಂದು ಘಾಟಿನ ಮೇಲೆ ಹೋದರೆ ಅಲ್ಲಿನವರೇ ಹೇಳುತ್ತಾರೆ. ನೀರಿನ ಕಡೆಯಿಂದ ಹೇಳುವವರಿಲ್ಲ. ಹೇಳಬೇಕಾದದ್ದು ಅಂಬಿಗ ಎನ್ನಬಹುದು. ಇಳಿಯುವಾಗ ಚಾಚಾರನ್ನು ಕೇಳಿದ್ದೆ, ಫೋಟೊ ಬೇಡ ಎಂದು ನೀವು ಹೇಳುವುದಿಲ್ಲವೇ ಎಂದು. ಮೊದಲು ಹೇಳುತ್ತಿದ್ದರಂತೆ. ಹೇಳಿದವರ ದೋಣಿಗೆ ಜನ ಹತ್ತುವುದಿಲ್ಲ, ಹತ್ತಿದವರು ಕೊನೆಯಲ್ಲಿ ನೂರು ಕಡಿಮೆ ಕೊಡುತ್ತಾರೆ. ಏಳುನೂರಕ್ಕೆ ಇಳಿಸಿದ ನಾವು ಅವರಿಂದ ಅಷ್ಟು ಧೈರ್ಯ ನಿರೀಕ್ಷಿಸುವುದು ಯಾವ ನ್ಯಾಯ? ಕ್ರೂಸ್‌ನವರು ಮೈಕಿನಲ್ಲಿ ಒಂದು ಮಾತು ಹೇಳಬಹುದು, ಅವರಿಗೆ ಗಿರಾಕಿ ತಪ್ಪುವ ಭಯ ಅಷ್ಟಿಲ್ಲ. ಆದರೆ ಮೊಬೈಲ್ ಇರುವುದು ನಮ್ಮ ಕೈಯಲ್ಲಿ, ಅವರ ಕೈಯಲ್ಲಲ್ಲ.

ಕಾಶಿಗೆ ಹೋಗಬೇಡಿ, ದೋಣಿ ಹತ್ತಬೇಡಿ ಎಂದು ಬರೆಯಲು ಕೂತದ್ದಲ್ಲ. ಹೋಗಿ. ಹುಟ್ಟಿನ ದೋಣಿಯಲ್ಲೇ ಹೋಗಿ, ನಾಲ್ಕೂವರೆಗೆ ಅಸ್ಸಿಯಿಂದ ಹೊರಡಿ, ನದಿಯ ನಡುವೆ ಕಾಲು ಗಂಟೆ ದೋಣಿ ನಿಲ್ಲಿಸಲು ಹೇಳಿ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಕೇಳದಿದ್ದರೆ ಅದು ಸೀಟಿನ ಕೆಳಗೇ ಇರುತ್ತದೆ. ಹಕ್ಕಿಗಳನ್ನು ಎಷ್ಟು ಬೇಕಾದರೂ ತೆಗೆಯಿರಿ, ಅವಕ್ಕೆ ಸೇವ್ ಮಾತ್ರ ಹಾಕಬೇಡಿ. ಎರಡು ಘಾಟುಗಳ ಎದುರು ಮೊಬೈಲ್ ಜೇಬಿಗೆ ಹೋಗಲಿ. ಚಿತೆಯ ಕಡೆ ನೋಡಬೇಡಿ ಎಂದಲ್ಲ, ನೋಡಿ. ಬರಿಗಣ್ಣಿನಿಂದ ನೋಡಿದ್ದರೆ ಆ ಹುಡುಗ ನನಗೆ ಅಲ್ಲೇ ಕಾಣುತ್ತಿದ್ದ.

ಮುಂದಿನ ವರ್ಷ ಟೆಕ್ನೆಕ್ಸ್‌ಗೆ ಹೊರಟಿರುವ ಇಬ್ಬರು ಜೂನಿಯರ್‌ಗಳು ಮೊನ್ನೆ ದೋಣಿಯವರ ನಂಬರ್ ಕೇಳಿದರು. ಕಳಿಸಿದೆ. ಸಾವಿರದ ಇನ್ನೂರು ಹೇಳುತ್ತಾರೆ, ಕೊಟ್ಟುಬಿಡಿ ಎಂದೂ ಸೇರಿಸಿದೆ. ಜೊತೆಗೆ ನನ್ನ ಪರವಾಗಿ ಇನ್ನೂ ಐನೂರು ಕೊಡಲು ಗೂಗಲ್ ಪೇ ಮಾಡಿದ್ದೇನೆ. ಆ ರೀಲ್ ಯಾಕಣ್ಣ ತೆಗೆದೆ ಎಂದೂ ಕೇಳಿದ್ದರು. ವಾಟ್ಸ್‌ಆ್ಯಪ್‌ನಲ್ಲಿ ಟೈಪ್ ಮಾಡುತ್ತಾ ಹೋದೆ, ಉದ್ದವಾಯಿತು. ಅದಕ್ಕೇ ಇಲ್ಲಿಗೆ ಕಳಿಸಿದೆ.