ಗುಬ್ಬಿ ಹಿಡಿದು ಬಂದ ಹುಡುಗ

ಪಕ್ಷಿವೀಕ್ಷಣೆಗೆ ಯುವಕರು ಬರುತ್ತಿಲ್ಲವೆಂಬ ಕೊರಗನ್ನು ನಾವು ಕೇಳುತ್ತಲೇ ಇದ್ದೇವೆ. ಬಂದವರ ಗತಿಯೇನು? ಹೊಸಬನೊಬ್ಬ ಮಸುಕು ಫೋಟೋ ಮುಂದಿಟ್ಟು 'ಇದು ಯಾವ ಹಕ್ಕಿ ಸಾರ್?' ಎಂದರೆ ಪಳಗಿದವರ ಹುಬ್ಬು ಗಂಟಿಕ್ಕುತ್ತದೆ. 'ಮೊದಲು ಪುಸ್ತಕ ಓದಿ ಬಾ' ಎಂಬ ಅಪ್ಪಣೆಯಾಗುತ್ತದೆ. ಪುಟ ತಿರುವಲಿಕ್ಕೂ ಅದು ಪಿಕಳಾರವೋ ಹರಟೆಮಲ್ಲವೋ ಎಂಬ ಅಂದಾಜು ಬೇಡವೇ?

1896ರಲ್ಲಿ ಹುಟ್ಟಿದ ಸಲೀಂ ಅಲಿ ಬಾಲ್ಯದಲ್ಲಿ ತಾನು ಹೊಡೆದ, ಕೊರಳಲ್ಲಿ ಹಳದಿ ಮಚ್ಚೆಯಿದ್ದ ಗುಬ್ಬಿಯನ್ನು ಹಿಡಿದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲ್ಲಾರ್ಡ್ ಹಕ್ಕಿಯ ಹೆಸರು ಹೇಳಿದ್ದಲ್ಲದೆ, ಸೊಸೈಟಿಯ ಪಕ್ಷಿಸಂಗ್ರಹವನ್ನೇ ತೆರೆದು ತೋರಿಸಿದರು, ಓದಲು ಪುಸ್ತಕ ಕೊಟ್ಟರು. ಆಳುವ ಜನಾಂಗದ ಆ ಆಂಗ್ಲರು ಅಂಜುತ್ತಾ ನಿಂತ ಹುಡುಗನನ್ನು ಗದರಿ ಅಟ್ಟಿದ್ದರೂ ಕೇಳುವವರಿರಲಿಲ್ಲ. 1941ರಲ್ಲಿ 'ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್' ಬರೆದದ್ದು ಆ ಹುಡುಗನೇ. ಇಂದು ಹೊಸಬರ ಮುಖಕ್ಕೆ ಎಸೆಯುವ ಪುಸ್ತಕಗಳಲ್ಲಿ ಅದೂ ಒಂದು!

ಅದೇ ಪ್ರಶ್ನೆ ನೂರು ಸಲ ಬರುತ್ತದೆಂಬ ದೂರು ಸುಳ್ಳಲ್ಲ. ಆದರೆ ಕೇಳುವವನು ಪ್ರತಿ ಸಲ ಬೇರೆಯವನು. ಬೇಸರವಾದರೆ ಸುಮ್ಮನಿರಬಹುದಲ್ಲ, ಹಂಗಿಸುವುದೇಕೆ? ಜನವರಿಯ ನೀರುಹಕ್ಕಿ ಗಣತಿಗೆ ಜನ ಸಾಲದೆಂದು ಗೊಣಗುವವರೂ ಇವರೇ. ನಕ್ಕು ಕಳಿಸಿದ ಹುಡುಗರ ಮನೆಗಳಿರುವುದು ಆ ಕೆರೆಗಳ ದಂಡೆಯಲ್ಲೇ.