ಬಸುರಿಯ ಜೊತೆ ಗಂಡನ ರಕ್ತವೂ ಪರೀಕ್ಷೆಯಾಗಲಿ



ಬಸುರಿ ಹೆಣ್ಣುಮಗಳು ತಾಯಿ ಕಾರ್ಡ್ ಹಿಡಿದು ಆಸ್ಪತ್ರೆಗೆ ಹೋದಾಗ ಎಚ್‌ಐವಿ ಜೊತೆಗೆ ಸಿಫಿಲಿಸ್ ಪರೀಕ್ಷೆಯನ್ನೂ ಮಾಡುತ್ತಾರೆ. ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಇಪ್ಪತ್ತು ನಿಮಿಷದೊಳಗೆ ಪಟ್ಟಿಯ ಮೇಲೆ ಗೆರೆ ಮೂಡುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ. ಮೂಡಿದರೆ ಅವಳಿಗೆ ಇಂಜೆಕ್ಷನ್. ಗಂಡನೋ ಹೊರಗೆ ಬೈಕಿನ ಮೇಲೆ ಕೂತಿರುತ್ತಾನೆ, ಇಲ್ಲವೇ ದೂರದ ಊರಲ್ಲಿ ಗಾರೆ ಕೆಲಸದಲ್ಲಿರುತ್ತಾನೆ. ಅವನ ರಕ್ತವೂ ಅದೇ ದಿನ, ತಪ್ಪಿದರೆ ಅದೇ ವಾರ ಪರೀಕ್ಷೆಯಾಗಬೇಕು ಎಂಬುದು ನಮ್ಮ ಒತ್ತಾಯ.

ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗ ಟ್ರೆಪೊನೆಮಾ ಪ್ಯಾಲಿಡಮ್ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ. ಸೋಂಕು ತಗುಲಿದ ಸುಮಾರು ಮೂರು ವಾರಕ್ಕೆ ಜನನಾಂಗದಲ್ಲಿ, ಕೆಲವರಿಗೆ ಬಾಯಲ್ಲಿ ಅಥವಾ ಗುದದ್ವಾರದಲ್ಲಿ, ಗಟ್ಟಿ ಅಂಚಿನ ಹುಣ್ಣು ಏಳುತ್ತದೆ. ಸಾಮಾನ್ಯವಾಗಿ ಅದು ನೋಯುವುದಿಲ್ಲ. ನೋಯದ ಹುಣ್ಣನ್ನು ಯಾರು ಡಾಕ್ಟರಿಗೆ ತೋರಿಸುತ್ತಾರೆ? ಹೆಂಗಸರಿಗೆ ಒಳಭಾಗದಲ್ಲಿ ಆದರೆ ಕಣ್ಣಿಗೂ ಬೀಳುವುದಿಲ್ಲ. ಮೂರರಿಂದ ಆರು ವಾರದಲ್ಲಿ ತಾನಾಗಿ ಮಾಯುತ್ತದೆ. ಅಂಗಡಿಯ ಮುಲಾಮು ಹಚ್ಚಿಕೊಂಡವನು ಅದರಿಂದಲೇ ವಾಸಿಯಾಯಿತೆಂದು ನಂಬಿಬಿಡುತ್ತಾನೆ. ರೋಗಾಣು ಮಾತ್ರ ಅಷ್ಟರಲ್ಲಿ ರಕ್ತ ಸೇರಿರುತ್ತದೆ. ಮುಂದೆ ಅಂಗೈ, ಅಂಗಾಲುಗಳಲ್ಲಿ ತುರಿಕೆಯಿಲ್ಲದ ಕಲೆಗಳು ಕಾಣಬಹುದು, ಅವೂ ಹೋಗುತ್ತವೆ. ಆಮೇಲೆ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಚಿಕಿತ್ಸೆ ಪಡೆಯದ ಕೆಲವರಿಗೆ ಬಹುಕಾಲದ ನಂತರ ಹೃದಯ, ಮೆದುಳು ಕೆಡುತ್ತವೆ.

ಹೊಟ್ಟೆಯಲ್ಲಿರುವ ಮಗುವಿಗೆ ಅಷ್ಟು ವರ್ಷಗಳ ಬಿಡುವಿಲ್ಲ. ಯಾವ ಲಕ್ಷಣವೂ ಇಲ್ಲದ ತಾಯಿಯಿಂದಲೂ ರೋಗಾಣು ಮಗುವಿಗೆ ದಾಟಬಲ್ಲದು. ಗರ್ಭ ಇಳಿಯಬಹುದು, ಮಗು ಸತ್ತು ಹುಟ್ಟಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು. ಹುಟ್ಟಿದಾಗ ಚೆನ್ನಾಗಿಯೇ ಕಂಡ ಕೂಸಿಗೆ ಮುಂದೆ ಮೂಳೆ, ಕಣ್ಣು, ಕಿವಿಯ ತೊಂದರೆ ಕಾಣಿಸಿಕೊಳ್ಳಬಹುದು.

ಇಷ್ಟೆಲ್ಲವನ್ನೂ ತಡೆಯುವ ಔಷಧಿ ಹಳೆಯದು, ಅಗ್ಗದ್ದು: ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್, ಸೊಂಟದ ಕೆಳಗಿನ ಮಾಂಸಖಂಡಕ್ಕೆ. ಹಾಲಿನಂತೆ ಬೆಳ್ಳಗಿನ ಮಂದ ದ್ರವ, ಚುಚ್ಚಿದಾಗ ನೋಯುತ್ತದೆ ನಿಜ. ಸೋಂಕು ಹೊಸದಾದರೆ ಒಂದೇ ಸಲ ಸಾಕು. ಹಳೆಯದು ಅಥವಾ ಯಾವಾಗಿನದೆಂದು ತಿಳಿಯದಿದ್ದರೆ ವಾರಕ್ಕೊಂದರಂತೆ ಮೂರು. ಬಸುರಿಯರಿಗೆ ಬೇರೆ ಮಾತ್ರೆಗಳು ಇದಕ್ಕೆ ಬದಲಿಯಲ್ಲ. ಹೆರಿಗೆಗೆ ಕನಿಷ್ಠ ಒಂದು ತಿಂಗಳ ಮೊದಲು ಚಿಕಿತ್ಸೆ ಶುರುವಾಗಲೇಬೇಕು, ಆದಷ್ಟು ಮೊದಲ ಮೂರು ತಿಂಗಳಲ್ಲೇ ಪರೀಕ್ಷೆ ಮುಗಿದರೆ ಒಳ್ಳೆಯದು.

ಆದರೆ ಒಮ್ಮೆ ವಾಸಿಯಾದವರಿಗೆ ಈ ರೋಗ ಮತ್ತೆ ಬರುವುದಿಲ್ಲವೆಂದಿಲ್ಲ. ಚಿಕಿತ್ಸೆಯಾಗದ ಗಂಡನಿಂದ ವಾಸಿಯಾದ ಹೆಂಡತಿಗೆ, ಹೆಂಡತಿಯಿಂದ ಅದೇ ಮಗುವಿಗೆ ಪುನಃ ಬರಬಹುದು. ನಮ್ಮಲ್ಲಿ ಸೀಮಂತ ಮುಗಿಸಿ ತವರಿಗೆ ಕಳಿಸುವ ರೂಢಿ. ರಿಪೋರ್ಟ್ ತವರೂರಿನ ಆಸ್ಪತ್ರೆಯಲ್ಲಿ, ಗಂಡ ಇನ್ನೊಂದು ಜಿಲ್ಲೆಯಲ್ಲಿ. ಅವನ ಇಂಜೆಕ್ಷನ್ ಬಿಟ್ಟುಹೋಗುವುದು ಇಲ್ಲೇ. ಅವನು ತಾನಿರುವ ಊರಿನ ಜಿಲ್ಲಾಸ್ಪತ್ರೆಯಲ್ಲಿ ಲೈಂಗಿಕ ರೋಗಗಳಿಗೆ ಚಿಕಿತ್ಸೆ ಕೊಡುವ ಸುರಕ್ಷಾ ಕ್ಲಿನಿಕ್ಕಿಗೆ ಹೋದರೂ ಆದೀತು. ಇಬ್ಬರ ಚಿಕಿತ್ಸೆ ಮುಗಿದು, ಹುಣ್ಣಿದ್ದರೆ ಮಾಯ್ದು, ವೈದ್ಯರು ಹೇಳುವವರೆಗೆ ಕೂಡುವುದು ಬೇಡ. ಕಾಂಡೋಮ್ ಅಪಾಯವನ್ನು ಬಹಳ ತಗ್ಗಿಸುತ್ತದೆ, ಆದರೆ ಅದು ಮುಚ್ಚದ ಜಾಗದ ಹುಣ್ಣಿನಿಂದ ಸೋಂಕು ತಗುಲಬಹುದು.

ಅತ್ತೆ ಮಾವಂದಿರಲ್ಲಿ ಒಂದು ಮಾತು. ಸೋಂಕು ಯಾರಿಂದ ಯಾರಿಗೆ ಬಂತೆಂದು ಈ ರಕ್ತಪರೀಕ್ಷೆ ಹೇಳುವುದಿಲ್ಲ. ಮದುವೆಗೆ ಮೊದಲಿನದೂ ಆಗಿರಬಹುದು. ಮೊದಲು ಪರೀಕ್ಷೆಯಾದದ್ದು ಸೊಸೆಗೆ ಎಂಬ ಒಂದೇ ಕಾರಣಕ್ಕೆ ತಪ್ಪನ್ನು ಅವಳ ತಲೆಗೆ ಕಟ್ಟುವುದು ಅನ್ಯಾಯ. ಚಿಕಿತ್ಸೆಯಾದ ಮೇಲೂ ಪಟ್ಟಿಯ ಪರೀಕ್ಷೆ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಎಂದೇ ತೋರಿಸುತ್ತದೆ. ಅದನ್ನು ಹಿಡಿದು ಮನೆಯಲ್ಲಿ ಜಗಳ ಎಬ್ಬಿಸಬೇಡಿ. ಗುಣವಾಗುತ್ತಿದೆಯೇ ಎಂದು ತಿಳಿಯುವುದು ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಪರೀಕ್ಷೆಯ ಅಂಕಿಯಿಂದ: 1:32 ಇದ್ದದ್ದು 1:8ಕ್ಕೆ ಇಳಿದರೆ ಔಷಧಿ ಕೆಲಸ ಮಾಡಿದೆ ಎಂದರ್ಥ.

ನೆರೆಯ ಶ್ರೀಲಂಕಾ ತಾಯಿಯಿಂದ ಮಗುವಿಗೆ ಎಚ್‌ಐವಿ, ಸಿಫಿಲಿಸ್ ದಾಟುವುದನ್ನು ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಘೋಷಿಸಿತು. ನಮ್ಮಿಂದ ಏಕಾಗಬಾರದು?

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಇರುತ್ತದೆ. ಅಣ್ಣಂದಿರೇ, ತಮ್ಮಂದಿರೇ, ಅಂದು ಹೆಂಡತಿಯ ಜೊತೆ ಒಳಗೆ ಹೋಗಿ, "ನನಗೂ ಸಿಫಿಲಿಸ್ ಪರೀಕ್ಷೆ ಮಾಡಿ" ಎಂದು ಕೇಳಿ. ಅನುಮಾನಗಳಿದ್ದರೆ ಹೆಸರು ಹೇಳದೆ 1097 ಸಹಾಯವಾಣಿಗೆ ಕರೆ ಮಾಡಬಹುದು, ಕರೆ ಉಚಿತ.